ಡಿಕ್ಕಿಗೆ ಎಷ್ಟು ಕಾಯಿ?

ಹಿಂದೆ ಡಿಕ್ಕಿ ಇಲ್ಲದ ಗಾಡಿಯನ್ನು ಕಾರು ಅಂತ ಒಪ್ಪದ ವಂಶ ನಮ್ಮದು. ಮುಂದೆ ಮೂಗು, ನಡುವೆ ಮನೆ, ಹಿಂದೆ ಉಗ್ರಾಣ, ಮೂರೂ ಇದ್ದರೆ ಕಾರು, ಇಲ್ಲದಿದ್ದರೆ ಲಗೇಜ್ ಆಟೋ ಅನ್ನುವುದು ನಮ್ಮಪ್ಪನ ಸಿದ್ಧಾಂತ. ಅಪ್ಪ ಜನ್ಮದಲ್ಲಿ ಒಂದು ಕಾರೂ ಕೊಂಡವರಲ್ಲ. ಮದುವೆ ದಿಬ್ಬಣಗಳಲ್ಲಿ ಬಾಡಿಗೆ ಅಂಬಾಸಿಡರ್ ಹತ್ತಿದ್ದಷ್ಟೇ ಅವರ ಅನುಭವ. ಖರ್ಚಿಲ್ಲದೆ ಕಟ್ಟಿದ ಸಿದ್ಧಾಂತಕ್ಕೆ ಸವಕಳಿಯೂ ಇರುವುದಿಲ್ಲ. ಅವರು ಹೋದ ಮೇಲೂ ನನ್ನ ತಲೆಯಲ್ಲಿ ಅದು ಶೋರೂಂ ಕಂಡೀಷನ್ನಿನಲ್ಲೇ ಇದೆ.

ಕಾರಿನ ಸಾಲ ಮಂಜೂರಾದ ಸುದ್ದಿ ಹಬ್ಬಿದಾಗ ನಮ್ಮ ಸ್ಟಾಫ್ ರೂಮಿನವರೆಲ್ಲ ಒಂದೇ ಬಾಯಲ್ಲಿ ಎಸ್‌ಯುವಿ ಅಂದರು. "ಎತ್ತರ ಇರುತ್ತೆ ಮೇಡಂ" ಅಂದವರಿಗೆ, ಎತ್ತರ ಬೇಕಾದರೆ ಜೋಗಿಮಟ್ಟಿ ಬೆಟ್ಟಕ್ಕೆ ಹೋಗ್ತೀನಿ ಬಿಡಿ ಅಂದೆ. ಆದರೆ ಒಳಗೊಳಗೇ ಅಳುಕಿತ್ತು. ಸೆಡಾನ್ ಅನ್ನುವ ಜಾತಿಯೇ ಕರಗುತ್ತಾ ಬಂದಿದೆ. 2014ರಲ್ಲಿ ಬಂದ ಸಿಯಾಜ್ 2025ರ ಏಪ್ರಿಲ್‌ನಲ್ಲಿ ನಿಂತೇ ಹೋಯಿತು. 1998ರಿಂದ ಇರುವ ಹೋಂಡಾ ಸಿಟಿ, ಹುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಮಧ್ಯಮ ಗಾತ್ರದಲ್ಲಿ ಹೊಸದು ಬೇಕೆಂದರೆ ಹೆಚ್ಚುಕಮ್ಮಿ ಇವಿಷ್ಟೇ. ಉಳಿದಂತೆ ಹಳೆಯದರ ಕಡೆ ನೋಡಬೇಕು.

ಮೌಲ್ಯಮಾಪನ ನನಗೆ ಹೊಸದಲ್ಲ. ಪ್ರೌಢಶಾಲೆಯ ಗಣಿತದ ಟೀಚರು. ಬೇಸಿಗೆ ಬಂತೆಂದರೆ ಎಸ್‌ಎಸ್‌ಎಲ್‌ಸಿ ಪತ್ರಿಕೆಗಳ ಕಟ್ಟು ಬಿಚ್ಚಿ ಕೆಂಪು ಪೆನ್ನು ಹಿಡಿಯುವುದೇ ಕೆಲಸ. 2023ರಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದ ಚಿತ್ರದುರ್ಗ ಜಿಲ್ಲೆ ನಮ್ಮದು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ ಮೇಲೆ ಎಷ್ಟನೆಯವರಾದೆವು ಅನ್ನುವುದನ್ನು ದುರ್ಗದ ಮೇಷ್ಟ್ರುಗಳ ಹತ್ತಿರ ಕೇಳಬಾರದು. ಆ ವರ್ಷ ಕೃಪಾಂಕವನ್ನೂ ಶೇಕಡಾ 10ರಿಂದ 20ಕ್ಕೆ ಏರಿಸಿದ್ದರು. ನಾನೊಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಲ್ಲಿ ಅಂಕಗಳ ಹಂಚಿಕೆ ಬರೆದೆ: ಡಿಕ್ಕಿಗೆ 25, ಸುರಕ್ಷತೆಗೆ 20, ಅತ್ತೆಯವರ ಮೊಣಕಾಲಿಗೆ 20, ನೆಲದಿಂದ ಎತ್ತರಕ್ಕೆ 15, ಮೈಲೇಜಿಗೆ 10, ಬಣ್ಣಕ್ಕೆ 10. ಕೆಳಗೆ ದಪ್ಪ ಅಕ್ಷರದಲ್ಲಿ, "ಕೃಪಾಂಕ ಇಲ್ಲ."

ಹೊಸ ಕಾರಿನ ಶೋರೂಮಿನಲ್ಲಿ ಮೊದಲು ಫೇಲಾದದ್ದು ಕಾರಲ್ಲ, ಹುಡುಗ. ಟೈ ಕಟ್ಟಿದ್ದ. ನಾನು ಏನು ಕೇಳಿದರೂ ಉತ್ತರವನ್ನು ನಮ್ಮ ಯಜಮಾನರಿಗೆ ಕೊಡುತ್ತಿದ್ದ. ಅವರಿಗೆ ಡ್ರೈವಿಂಗ್ ಬರುವುದಿಲ್ಲ. ಸೈಕಲ್ಲನ್ನೂ ಬಿಟ್ಟು ವರ್ಷಗಳಾಗಿವೆ. "ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಎಷ್ಟು ಸ್ಟಾರ್?" ಅಂತ ನಾನು, "ಐದು ಸ್ಟಾರ್ ಸಾರ್" ಅಂತ ಅವನು, ಅವರ ಮುಖಕ್ಕೆ. "ಸೀಟ್ ಎತ್ತರ ಹೊಂದಿಸಬಹುದಾ?" ಅಂತ ನಾನು; "ಹೊಂದಿಸ್ಬಹುದು ಸಾರ್." ಕೊನೆಗೆ ಅವನಾಗಿ ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು: "ಮೇಡಂಗೆ ಅಂತ ಇಲ್ಲಿ ಕನ್ನಡಿ ಇದೆ ನೋಡಿ." ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಕಾಪಿ ಹೊಡೆಯುವವನನ್ನು ಹಿಡಿದಾಗಿನ ಮುಖ.

ತೆರಿಗೆ ವಿಚಾರವನ್ನು ನಾನೇ ಅವನಿಗೆ ಪಾಠ ಮಾಡಿ ಬಂದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಕಾರಿಗೆ 18 ಪರ್ಸೆಂಟ್ ಜಿಎಸ್‌ಟಿ, ಅದಕ್ಕಿಂತ ಉದ್ದವಾದರೆ 40. ಡಿಜೈರ್ 3,995 ಮಿಲಿಮೀಟರಿಗೇ ಉಸಿರು ಬಿಗಿಹಿಡಿದು ನಿಂತಿರುವುದರ ಗುಟ್ಟು ಇಂಥ ಲೆಕ್ಕವೇ. ಸ್ಲಾವಿಯಾದ ಉದ್ದ 4,541. ನಡುವಿನ ಐದೂವರೆ ನೂರು ಮಿಲಿಮೀಟರಿಗೆ, ಅಂದರೆ ನಮ್ಮಪ್ಪ ಉಗ್ರಾಣ ಅಂದರಲ್ಲ ಹೆಚ್ಚುಕಮ್ಮಿ ಅದಕ್ಕೆ, ಸರ್ಕಾರ ಹಾಕಿರುವ ದಂಡ ಇದು. ಅದರ ಮೇಲೆ ಹತ್ತು ಲಕ್ಷ ದಾಟಿದ ಗಾಡಿಗೆ ಕರ್ನಾಟಕದಲ್ಲಿ 17 ಪರ್ಸೆಂಟ್ ಲೈಫ್ ಟ್ಯಾಕ್ಸ್, ಟ್ಯಾಕ್ಸಿನ ಮೇಲೆ ಸೆಸ್. ಹಳೇ ಕಾರಾದರೆ ಈ ಲೈಫ್ ಟ್ಯಾಕ್ಸನ್ನು ಯಾರೋ ಪುಣ್ಯಾತ್ಮರು ಆಗಲೇ ಕಟ್ಟಿರುತ್ತಾರೆ. ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ನಾನು ಸೆಕೆಂಡ್ ಹ್ಯಾಂಡ್ ಪಕ್ಷಕ್ಕೆ ಸೇರಿಬಿಟ್ಟಿದ್ದೆ.

ಸೆಕೆಂಡ್ ಹ್ಯಾಂಡ್ ಲೋಕದಲ್ಲಿ ಎಲ್ಲವೂ ಡಾಕ್ಟರ ಗಾಡಿ. "ಸಿಂಗಲ್ ಓನರ್, ಡಾಕ್ಟ್ರು ಗಾಡಿ ಮೇಡಂ, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ." ದುರ್ಗಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದೇ 2023ರಲ್ಲಿ. ಬೈಪಾಸ್ ಬದಿಯ ಬ್ರೋಕರುಗಳ ಲೆಕ್ಕ ಹಿಡಿದರೆ ಅದರ ಅಗತ್ಯವೇ ಇರಲಿಲ್ಲ. ಹೊಳಲ್ಕೆರೆಯಲ್ಲಿ ಒಬ್ಬ ಮಾತ್ರ ಡಾಕ್ಟರನ್ನು ಬಿಟ್ಟು, "ಲೇಡಿ ಟೀಚರ್ ಓಡ್ಸಿರೋ ಗಾಡಿ, ನಾಜೂಕಾಗಿ ಇಟ್ಕಂಡಿದ್ರು" ಅಂದ. ಹತ್ತಿರ ಹೋಗಿ ನಂಬರ್ ಪ್ಲೇಟ್ ನೋಡಿದೆ. ಕೆಎ-16. ನನಗೆ ಗೊತ್ತಿರುವ ಟೀಚರೇ, ಗೊತ್ತಿರುವ ಗಾಡಿಯೇ. ಆ ಎಡಗಡೆ ಬಾಗಿಲು ಯಾವ ಶಾಲೆಯ ಗೇಟಿಗೆ ಎಷ್ಟು ಸಲ ನಾಜೂಕಾಗಿ ಉಜ್ಜಿದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಬಯಲು ಗಣಪತಿಗೆ ಕೈಮುಗಿದು ವಾಪಸ್ ಬಂದೆವು.

ದುರ್ಗದ ಹೊರಗೆ ನೋಡಿದ ಇನ್ನೊಂದು ಗಾಡಿ ಥಳಥಳ ಹೊಳೆಯುತ್ತಿತ್ತು. ಹಳೇ ಕಾರು ನೋಡುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಬೇಕು ಅಂತ ಎಲ್ಲೋ ಓದಿದ್ದೆ. ಎಳೆದೆ. ಎಳೆಯುತ್ತಾ ಹೋದಂತೆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ. 2022ರಲ್ಲಿ ಬೆಂಗಳೂರಿನ ಐಟಿ ಬಡಾವಣೆಗಳಲ್ಲಿ ಕಾರುಗಳು ತೇಲಾಡಿದವಲ್ಲ, ಆ ಪೈಕಿ ಒಂದಿರಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಮ್ಮ ಮಾರಿಕಣಿವೆ ಡ್ಯಾಮು 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು. ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬಂದಿದ್ದೆವು. ಬರದ ನಾಡಿನವಳು ನೀರು ಕಂಡರೆ ಕೈಮುಗಿಯುತ್ತೇನೆ. ಆದರೆ ಸೀಟಿನ ಕೆಳಗೆ ಬೇಡ.

ಹಿರಿಯೂರಿನ ಕಡೆಯ ಗಾಡಿಯ ವಿಷಯ ಬೇರೆ. ಊರಾಚೆ ಹೊಲದ ಮನೆ, ಅಂಗಳದಲ್ಲಿ ಈರುಳ್ಳಿ ರಾಶಿ. ಕಾರು ಚೆನ್ನಾಗಿತ್ತು. ಟೈರು ಸವೆದಿದೆ, ಬಂಪರ್ ಬಿರುಕು, ಇನ್ಶೂರೆನ್ಸ್ ಮುಗಿಯುತ್ತಾ ಬಂದಿದೆ ಅಂತ ನಾನು ಪಟ್ಟಿ ಓದಿ, ಅವರು ಕೇಳಿದ್ದಕ್ಕಿಂತ ಒಂದು ಲಕ್ಷಕ್ಕೂ ಹೆಚ್ಚು ಇಳಿಸಿ ಹೇಳಿದೆ. ಚೌಕಾಸಿಯ ನಿಯಮ ಅದು. ಅವರು ಹೌಹಾರಬೇಕು, ನಾನು ಎದ್ದು ಹೊರಡಬೇಕು, ಅವರು ಕರೆಯಬೇಕು. ಅವರು ಈರುಳ್ಳಿ ರಾಶಿಯ ಕಡೆ ನೋಡಿ, "ಆಯ್ತು ಬಿಡಕ್ಕ, ಹಂಗೇ ಆಗ್ಲಿ" ಅಂದರು. ಕಿತ್ತ ಕೂಲಿಯೂ ಹುಟ್ಟದ ರೇಟು ಆ ವರ್ಷ. ನನ್ನ ಬಾಯಿ ಕಟ್ಟಿತು. ಆ ಬೆಲೆಗೆ ಕೊಳ್ಳಲು ಮನಸ್ಸು ಬರಲಿಲ್ಲ. ಅವರು ಮೊದಲು ಕೇಳಿದ ಬೆಲೆ ಕೊಡುವಷ್ಟು ಒಳ್ಳೆಯವಳೂ ನಾನಲ್ಲ. ಯೋಚಿಸಿ ಹೇಳ್ತೀವಿ ಅಂದು ಬಂದೆವು. ನೋಟ್‌ಬುಕ್ಕಿನ ಆ ಪುಟದಲ್ಲಿ ಅಂಕ ಹಾಕಿಲ್ಲ. ಆಮೇಲೆ ಯಾರು ಒಯ್ದರೋ, ಎಷ್ಟಕ್ಕೆ ಒಯ್ದರೋ.

ಅಲ್ಲಿಂದ ಹೊಸದುರ್ಗಕ್ಕೆ ಹೋದಾಗ ಪ್ರಪಂಚವೇ ಬೇರೆ. ತೆಂಗಿನ ರೇಟು 2025ರಲ್ಲಿ ಯಾರೂ ಕಾಣದಷ್ಟು ಏರಿ ಕೂತಿತ್ತು. ನಮ್ಮ ಜಿಲ್ಲೆಯಲ್ಲಿ ಹಳೇ ಕಾರಿನ ಬೆಲೆ ಫೋನಿನ ಯಾವ ಆ್ಯಪಿನಲ್ಲೂ ಇರುವುದಿಲ್ಲ, ಎಪಿಎಂಸಿಯಲ್ಲಿರುತ್ತದೆ. ಈ ತೋಟದ ಯಜಮಾನರು ಕಷ್ಟಕ್ಕೆ ಮಾರುವವರಲ್ಲ. ಎಸ್‌ಯುವಿ ಬುಕ್ ಮಾಡಿ, ಅದು ಬಂದಾಗ ನಿಲ್ಲಿಸಲು ಜಾಗ ಬೇಕೆಂದು ಮಾರುವವರು. 2019ರ ಬಿಳಿ ಸೆಡಾನ್. ಯಾವ ಕಂಪನಿಯದೆಂದು ಹೇಳುವುದಿಲ್ಲ, ಮುಂದೆ ನಡೆದದ್ದರಲ್ಲಿ ಕಂಪನಿಯ ತಪ್ಪೇನೂ ಇಲ್ಲ.

ಅವರ ಡಿಕ್ಕಿ ಎತ್ತಿ, "ಐನೂರು ಲೀಟರಿನ ಮೇಲಿದೆ" ಅಂದೆ. ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅವರ ತಾಯಿ, "ಹಾಲು ಒಯ್ತೀಯೇನವ್ವ ಅದ್ರಾಗೆ?" ಅಂದರು. "ಕಾಯಿ ಏಸು ಹಿಡಿತವೆ ಅಂತ ಹೇಳು."

ನಾನು ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಗಣಿತ ಟೀಚರಿಗೆ ಯಾರಾದರೂ ಪ್ರಶ್ನೆ ಹಾಕಿದರೆ ಮೈಯೆಲ್ಲ ಬಿಸಿಯಾಗುತ್ತದೆ. ಡಿಕ್ಕಿಯ ಲೀಟರನ್ನು ಜರ್ಮನಿಯವರು ನೀರು ಸುರಿದು ಅಳೆಯುವುದಿಲ್ಲ. 200 ಮಿಲಿಮೀಟರ್ ಉದ್ದ, 100 ಅಗಲ, 50 ದಪ್ಪದ, ಸರಿಯಾಗಿ ಒಂದು ಲೀಟರ್ ಗಾತ್ರದ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಕಾಯಿ ದುಂಡಗಿರುವುದರಿಂದ ಸಂದಿ ಉಳಿಯುತ್ತದೆ. ಒಂದೇ ಅಳತೆಯ ಗುಂಡುಗಳನ್ನು ಎಷ್ಟು ಒತ್ತಾಗಿ ಪೇರಿಸಿದರೂ ಜಾಗದ 74 ಪರ್ಸೆಂಟಿಗಿಂತ ಹೆಚ್ಚು ತುಂಬಲಾಗದು ಅಂತ ಕೆಪ್ಲರ್ 1611ರಲ್ಲೇ ಊಹಿಸಿದ್ದ. ಅದನ್ನು ಥಾಮಸ್ ಹೇಲ್ಸ್ ಸಾಧಿಸಿ ತೋರಿಸಿದ್ದು 1998ರಲ್ಲಿ, ಹೋಂಡಾ ಸಿಟಿ ನಮ್ಮ ದೇಶಕ್ಕೆ ಬಂದ ವರ್ಷ. ಇಷ್ಟನ್ನೂ ನಾನು ತೋಟದ ಮನೆಯ ಅಂಗಳದಲ್ಲಿ ನಿಂತು ವಿವರಿಸಿದೆ. ಎಲ್ಲರೂ ಗೌರವದಿಂದ ಕೇಳಿದರು. ಆಮೇಲೆ ಅಜ್ಜಿ, "ತುಂಬಿ ನೋಡಾದಪ್ಪ, ಅದ್ಕೇನು" ಅಂದರು.

ಸುಲಿದ ಕಾಯಿಯ ರಾಶಿ ಪಕ್ಕದಲ್ಲೇ ಇತ್ತು. ಡಿಕ್ಕಿಗೆ ಗೋಣಿ ಹಾಸಿ ಆಳೊಬ್ಬ ಶುರು ಮಾಡಿದ. ಅವನು ಜೋಡಿಸುವುದನ್ನು ನೋಡಿ ನನ್ನ ಕಣ್ಣು ತುಂಬಿತು: ಕೆಳಗೆ ಮೂರು ಕಾಯಿ, ಅವುಗಳ ಕುಳಿಗೆ ಸರಿಯಾಗಿ ನಾಲ್ಕನೆಯದು. ಕೆಪ್ಲರ್ ಹೇಳಿದ್ದು ಅದನ್ನೇ. ಎಣಿಸುವ ಕೆಲಸ ಇಂಗ್ಲಿಷ್ ಮೀಡಿಯಂ ಮೊಮ್ಮಗನದು. ಅಜ್ಜಿ ಹೇಳಿಕೊಟ್ಟಂತೆ "ಲಾಭ" ಅಂತ ಶುರು ಮಾಡಿದವನು ಎರಡನೆಯ ಕಾಯಿಗೆ "ಒನ್" ಅಂದ. "ಲಾಭ ಅಂದ್ರೇ ಒಂದು ಕಣೋ, ಈಗ ಎರಡು ಅನ್ನು" ಅಂತ ಅಜ್ಜಿ. "ಲಾಭ ಈಸ್ ನಾಟ್ ಎ ನಂಬರ್" ಅಂತ ಮೊಮ್ಮಗ. ಇಬ್ಬರೂ ತೀರ್ಪಿಗೆ ನನ್ನತ್ತ ನೋಡಿದರು. ಆ ಹೊತ್ತಿಗೆ ನಾನು ನೆಲದ ಮೇಲೆ ಅಂಗಾತ ಮಲಗಿದ್ದೆ.

ಮಲಗಿದ್ದು ಯಾಕೆಂದರೆ, ನೆಲದಿಂದ ಎತ್ತರದ 15 ಅಂಕ. ಕಂಪನಿಗಳು ದೊಡ್ಡದಾಗಿ ಹೇಳಿಕೊಳ್ಳುವ ಅಳತೆ ಹೆಚ್ಚಾಗಿ ಖಾಲಿ ಗಾಡಿಯದು. ತುಂಬಿದ ಗಾಡಿ ಎಷ್ಟು ಕುಗ್ಗುತ್ತದೆ ಅನ್ನುವುದೇ ಹೊಳಲ್ಕೆರೆ ರಸ್ತೆಯ ಹಂಪುಗಳಿಗೆ ಬೇಕಾದ ಮಾಹಿತಿ. ಶಾಲೆಯ ಮರದ ಸ್ಕೇಲನ್ನು ಕಾರಿನ ಹೊಟ್ಟೆಗೆ ಹಿಡಿದು, ಪ್ರತಿ ಇಪ್ಪತ್ತೈದು ಕಾಯಿಗೊಮ್ಮೆ ರೀಡಿಂಗ್ ಕೂಗುತ್ತಿದ್ದೆ; ನಮ್ಮ ಯಜಮಾನರು ಬರೆದುಕೊಳ್ಳುತ್ತಿದ್ದರು. ಪಕ್ಕದ ತೋಟದವರು ಬಂದರು. ಟಿವಿಎಸ್ ನಿಲ್ಲಿಸಿ ಒಬ್ಬರು ಯಾರಿಗಾದರೂ ಏಟಾಯಿತಾ ಅಂತ ವಿಚಾರಿಸಿದರು. "ಇಲ್ಲ, ಟೀಚರು ಕಾರು ತಗಳಾಕ್ ಬಂದವ್ರೆ" ಅಂದರು ತೋಟದ ಯಜಮಾನರು, ಬಹಳ ಸಮಾಧಾನವಾಗಿ. ನಾಯಿಯೊಂದು ನನ್ನ ಪಕ್ಕ ಬಂದು, ನೆರಳು ಚೆನ್ನಾಗಿದೆಯೆಂದು ಮಲಗಿತು. ಅರ್ಧ ಕೆಜಿಗೂ ಮೇಲೆ ತೂಗುವ ಕಾಯಿ, ಇನ್ನೂರು ದಾಟುವಾಗ ಕ್ವಿಂಟಲ್ ಮೀರುತ್ತದೆ ಅನ್ನುವುದು ನನಗೆ ಹೊಳೆದದ್ದು ಸೈಲೆನ್ಸರ್ ನನ್ನ ಮೂಗಿನ ಹತ್ತಿರ ಬಂದಾಗ. "ಸಾಕು" ಅಂದೆ. ಡಿಕ್ಕಿಯಲ್ಲಿ ಇನ್ನೂ ಜಾಗವಿತ್ತು. ನನ್ನ ಕೆಳಗೆ ಇರಲಿಲ್ಲ. ಹುಡುಗನ ಲೆಕ್ಕದಲ್ಲಿ ಇನ್ನೂರಾ ಹತ್ತು.

ಡಿಕ್ಕಿಗೆ 25ಕ್ಕೆ 25 ಕೊಟ್ಟೆ. ಎತ್ತರಕ್ಕೆ 4 ಬಿತ್ತು. ಒಟ್ಟು ಕೂಡಿದಾಗ ಪಾಸಿಗೆ ಸ್ವಲ್ಪ ಕಡಿಮೆ ಬಂದದ್ದರಿಂದ, ಮೊದಲ ಪುಟ ತಿರುವಿ ನೋಡದೆ ಕೃಪಾಂಕ ಹಾಕಿದೆ.

ಬೆಲೆಯ ಮಾತು ಬೇಗ ಮುಗಿಯಿತು, ಯಾಕೆಂದರೆ ತೋಟದ ಯಜಮಾನರು ಒಂದು ರೂಪಾಯಿಯೂ ಇಳಿಯಲಿಲ್ಲ. ನಡುವೆ ತಿಪಟೂರಿನ ಮಂಡಿಯಿಂದ ಫೋನ್ ಬಂತು. ಮಾತಾಡಿ ಇಟ್ಟ ಮೇಲೆ ಇನ್ನಷ್ಟು ಗಟ್ಟಿಯಾದರು. ಫಾರಂ 29, 30ಕ್ಕೆ ಸಹಿ ಹಾಕಿದರು, ಬ್ಯಾಂಕಿನ ಸಾಲ ತೀರಿದ್ದಕ್ಕೆ ಫಾರಂ 35 ತೆಗೆದಿಟ್ಟಿದ್ದರು. ಅಷ್ಟು ಶಿಸ್ತಿನ ಮನುಷ್ಯ. ಕಾಯಿ ಇಳಿಸಿಕೊಳ್ಳಿ ಅಂದರೆ, "ಮತ್ತೆ ಇಳ್ಸಾ ಕೂಲಿ ಯಾರ್ ಕೊಡ್ತಾರೆ? ಒಯ್ರಿ" ಅಂದು, ಇನ್ನೂರಾ ಹತ್ತು ಕಾಯಿಗೆ ಆ ದಿನದ ರೇಟಿನಂತೆ ಚೀಟಿ ಬರೆದು ಕೊಟ್ಟರು. ಹೊಸದುರ್ಗದಿಂದ ದುರ್ಗದವರೆಗೆ ಒಂದೊಂದು ಹಂಪಿಗೂ ನಮ್ಮ ಯಜಮಾನರು ಕೆಳಗಿಳಿದು ನಡೆದು ದಾಟಿದರು. ಅವರಿಗೆ ಡ್ರೈವಿಂಗ್ ಬಾರದ್ದರಿಂದ ಆದ ಉಪಯೋಗ ಅದು.

ಮನೆಯಲ್ಲಿ ಅವರೇ ಕಾಯಿ ಇಳಿಸಿದರು. ಬ್ಯಾಂಕಿನಲ್ಲಿದ್ದವರು, ಎಣಿಸದೆ ಏನನ್ನೂ ಒಳಗಿಡುವುದಿಲ್ಲ. ಇನ್ನೂರಾ ಹನ್ನೊಂದು ಬಂತು. ಮತ್ತೆ ಎಣಿಸಿದರೂ ಇನ್ನೂರಾ ಹನ್ನೊಂದೇ. ಪರರ ಸ್ವತ್ತು ಒಂದು ಕಾಯಿಯಾದರೂ ಬೇಡವೆಂದು ನನ್ನ ಕೈಯಲ್ಲಿ ಹೊಸದುರ್ಗಕ್ಕೆ ಫೋನ್ ಮಾಡಿಸಿದರು.

"ಒಂದು ಜಾಸ್ತಿ ಬಂದಿದೆ" ಅಂದೆ.

"ಇಟ್ಕಳ್ರಿ ಮೇಡಂ" ಅಂದರು ಆ ಮಹಾನುಭಾವರು. "ಡಿಸ್ಕೌಂಟ್ ಕೇಳ್ತಿದ್ರಲ್ಲ."