ಜ್ವರನಾ ತಮಾ?

ಕುಮಟೆಯ ಪೇಟೆಯಲ್ಲಿ ಗಂಡಸೊಬ್ಬ ಸ್ವೆಟರ್ ಹಾಕಿಕೊಂಡು ಹೊರಟರೆ ಯಾರಾದರೂ ತಡೆದು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ: "ಜ್ವರನಾ ತಮಾ?" ಇಲ್ಲವೆಂದರೆ, "ಹಾಗಾದ್ರೆ ಶಿರಸಿಗೆ ಹೊರಟ್ಯಾ?" ಅದೂ ಅಲ್ಲವೆಂದರೆ ದನಿ ತಗ್ಗಿಸಿ, "ರಾತ್ರೆ ಆಟ ಎಲ್ಲಿ?" ಭಟ್ಕಳದಿಂದ ಕುಮಟೆವರೆಗಿನ ಕರಾವಳಿಯಲ್ಲಿ ಉಣ್ಣೆಬಟ್ಟೆ ಹಾಕಲು ಇರುವ ಕಾರಣಗಳು ಇಷ್ಟೇ: ಜ್ವರ, ಘಟ್ಟ, ಯಕ್ಷಗಾನ. ಚೆಂದ ಕಾಣಲಿ ಎಂದೂ ಒಬ್ಬ ಸ್ವೆಟರ್ ಹಾಕಬಹುದೆಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ಹೊಳೆಯದೇ ಇದ್ದದ್ದಕ್ಕೆ ಅವರನ್ನು ದೂರುವಂತಿಲ್ಲ. ಜನವರಿಯ ಬೆಳಗಿನ ಜಾವದಲ್ಲೂ ಇಲ್ಲಿ ಉಷ್ಣಾಂಶ ಇಪ್ಪತ್ತು ಡಿಗ್ರಿಯ ಆಚೀಚೆಗೇ ಸುಳಿಯುತ್ತಿರುತ್ತದೆ. ಹತ್ತು ಗಂಟೆಯಾಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಹೀಗಿದ್ದೂ ಇಲ್ಲಿ ಸ್ವೆಟರ್ ಇಲ್ಲದ ಮನೆ ಸಿಗುವುದು ಕಷ್ಟ. ಬೆಂಗಳೂರಿನ ಮಗಳು ಕೊಟ್ಟದ್ದು, ಅಮೆರಿಕದ ಮಗ ಬಿಟ್ಟುಹೋದದ್ದು, ಅತ್ತೆಯವರು ಕಡ್ಡಿ ಹಿಡಿದು ಹೆಣೆದು ಅಳಿಯನ ಅಳತೆ ಮಾತ್ರ ಮರೆತದ್ದು, ಎಲ್ಲವೂ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ವರ್ಷವಿಡೀ ಮಲಗಿರುತ್ತವೆ. ನನ್ನ ಸೋದರಳಿಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ಅವನು ಊರಿಗೆ ಬಂದಾಗ ಟ್ರಂಕಿನ ಮುಂದೆ ಕೂತು ನನಗೆ 'ಲೇಯರಿಂಗ್' ಪಾಠ ಮಾಡಿದ. ಒಳಗೊಂದು ಟೀ ಶರ್ಟ್, ಅದರ ಮೇಲೆ ಅಂಗಿ, ಅದರ ಮೇಲೆ ತೆಳು ಸ್ವೆಟರ್, ಬೇಕಾದರೆ ಮೇಲೊಂದು ಜಾಕೆಟ್. ಪಾಠ ಮಾಡುವಾಗ ಅವನು ಮಾತ್ರ ಬರಿಮೈಯಲ್ಲಿ ಫ್ಯಾನಿನ ಕೆಳಗಿದ್ದ.

ನಿಜ ಹೇಳಬೇಕೆಂದರೆ ಹೆಣೆದ ಬಟ್ಟೆಯಿಲ್ಲದೆ ಇಲ್ಲಿನ ಗಂಡಸು ಒಂದು ದಿನವನ್ನೂ ಕಳೆಯುವುದಿಲ್ಲ. ಬನಿಯನ್ ಹೆಣೆದ ಬಟ್ಟೆಯೇ ತಾನೆ? ಮಗ್ಗದಲ್ಲಿ ಹಾಸುನೂಲು ಹೊಕ್ಕುನೂಲು ಒಂದನ್ನೊಂದು ಅಡ್ಡ ಹಾಯುತ್ತವೆ. ಹೆಣಿಗೆಯಲ್ಲಿ ನೂಲು ಕುಣಿಕೆಯೊಳಗೊಂದು ಕುಣಿಕೆಯಾಗಿ ಸಾಗುತ್ತದೆ. ಅದಕ್ಕೇ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ನಡುವೆ ಗಾಳಿಯಾಡುತ್ತದೆ. ಇಂಗ್ಲೆಂಡು ಫ್ರಾನ್ಸುಗಳ ನಡುವಿನ ಗರ್ನ್ಸಿ ದ್ವೀಪದ ಮೀನುಗಾರರು ಒತ್ತಾಗಿ ಹೆಣೆದ ಉಣ್ಣೆಯಂಗಿ ತೊಟ್ಟು ದೋಣಿ ಹತ್ತುತ್ತಿದ್ದರು. ಕಡಲ ನೀರು ಸಿಡಿದರೂ ಅದು ಬೇಗ ಒಳಗಿಳಿಯುತ್ತಿರಲಿಲ್ಲ. ನಮ್ಮ ಅಜ್ಜಂದಿರ ಗಂಜಿಫರಾಕಿನ ಪೂರ್ವಜ ಅದೇ. ಹೊನ್ನಾವರದ ಕಾಸರಕೋಡು ಟೊಂಕಕ್ಕೆ ಬರುವ ಹೊತ್ತಿಗೆ ಉಣ್ಣೆ ಹೋಗಿ ಹತ್ತಿಯಾಗಿದೆ, ತೋಳು ಕಳಚಿ ಬಿದ್ದಿದೆ, ದಪ್ಪ ಕರಗಿ ತಿರುಪ್ಪೂರಿನ ತೆಳು ಹೆಣಿಗೆಯಾಗಿದೆ. ತೊಟ್ಟವನು ಮಾತ್ರ ಈಗಲೂ ದೋಣಿಯಲ್ಲೇ ಇದ್ದಾನೆ.

ಬನಿಯನ್ನಿನಲ್ಲೂ ಆಯ್ಕೆಯ ಸೂಕ್ಷ್ಮಗಳಿವೆ. ಹಳಬರಿಗೆ ಅರ್ಧತೋಳಿನ, ಕಿಸೆಯಿರುವ ಬನಿಯನ್ನೇ ಆಗಬೇಕು. ಆ ಕಿಸೆಯಲ್ಲಿ ಒಂದು ಹೋಳು ಅಡಿಕೆ, ತಂಬಾಕಿನ ಎಸಳು, ಮಡಚಿದ ನೋಟು, ಬಸ್ಸಿನ ಚೀಟಿ ಎಲ್ಲ ಇರುತ್ತವೆ. ಅದರ ಮೇಲೆ ತೆಳು ಬಿಳಿ ಅಂಗಿ. ಅಂಗಿಯೊಳಗಿಂದ ಬನಿಯನ್ನಿನ ಅಂಚು ಕಾಣುವುದನ್ನು ಈಗಿನ ಹುಡುಗರು ಅಪಮಾನವೆಂದು ತಿಳಿಯುತ್ತಾರೆ. ಬಿಳಿ ಅಂಗಿಯ ಒಳಗೆ ಬಿಳಿ ಬನಿಯನ್ನಿಗಿಂತ ಮೈಬಣ್ಣಕ್ಕೆ ಹತ್ತಿರದ ಬೂದು ಬಣ್ಣದ್ದು ಹಾಕಿದರೆ ಕಾಣುವುದಿಲ್ಲ ಎಂಬ ಗುಟ್ಟು ಅವರಿಗೆ ಗೊತ್ತು. ಇದೊಂದು ವಿಷಯದಲ್ಲಿ ನಾನು ಹುಡುಗರ ಪಕ್ಷ. ಕುತ್ತಿಗೆಯ ಗುಂಡಿ ಬಿಚ್ಚಿಡುವವರು ಒಳಗೆ ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ ಕತ್ತಿನದನ್ನು ಹಾಕಬೇಕು ಎಂಬುದನ್ನೂ ಒಪ್ಪುತ್ತೇನೆ.

ಇನ್ನು ಘಟ್ಟ. ಕುಮಟೆಯಿಂದ ಶಿರಸಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೂತರೆ ಪದರಗಳ ಶಾಸ್ತ್ರವೆಲ್ಲ ಒಂದೇ ಪ್ರಯಾಣದಲ್ಲಿ ಅರ್ಥವಾಗುತ್ತದೆ. ಹತ್ತುವಾಗ ಸೆಕೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕಿಟಕಿಯಿಂದ ತಣ್ಣನೆ ಗಾಳಿ ನುಗ್ಗಿ, ಮುಂದಿನ ಸೀಟಿನವರು ಒಬ್ಬೊಬ್ಬರಾಗಿ ಚೀಲ ಬಿಚ್ಚತೊಡಗುತ್ತಾರೆ. ಶಿರಸಿಯಲ್ಲಿ ಇಳಿದಾಗ ಡಿಸೆಂಬರಿನ ಚಳಿ ಕಿವಿ ಹಿಡಿಯುತ್ತದೆ. ಮಧ್ಯಾಹ್ನ ಬಿಸಿಲು ಏರಿದಾಗ ಒಂದು ಪದರ ತೆಗೆಯಬೇಕು, ಸಂಜೆ ಇಳಿಯುವಾಗ ಇನ್ನೊಂದು, ಕುಮಟೆ ಮುಟ್ಟುವಾಗ ಉಳಿದದ್ದು. ನಮ್ಮ ಕಡೆಯ ಗಂಡಸು ಸ್ವೆಟರ್ ಕೊಳ್ಳುವಾಗ ಹಾಕಿಕೊಂಡು ಕನ್ನಡಿ ನೋಡಿಕೊಂಡರೆ ಸಾಲದು. ಅದನ್ನು ತೆಗೆಯುವುದು ಹೇಗೆ ಎಂಬುದನ್ನೂ ಅಂಗಡಿಯಲ್ಲೇ ಪರೀಕ್ಷೆ ಮಾಡಬೇಕು. ಸೋದರಳಿಯನ ಪಾಠದಲ್ಲಿ ಈ ಅಧ್ಯಾಯವೇ ಇರಲಿಲ್ಲ.

ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರನ್ನು ಮೂವರ ಸೀಟಿನ ನಡುವೆ ಕೂತು, ಬಸ್ಸು ತಿರುವಿನಲ್ಲಿ ವಾಲಿರುವಾಗ ತೆಗೆಯಲು ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ಎರಡೂ ಮೊಣಕೈ ಎತ್ತಿದಾಗ ಒಂದು ಎಡಗಡೆಯವರ ಕವಳ ತುಂಬಿದ ಕೆನ್ನೆಗೆ ತಾಗುತ್ತದೆ. ಕನ್ನಡಕ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಅಂಗಿ ಸ್ವೆಟರಿನ ಜೊತೆಗೇ ಎದ್ದು ಹೊಟ್ಟೆ ಇಡೀ ಬಸ್ಸಿಗೆ ದರ್ಶನ ಕೊಡುತ್ತದೆ. ಅಷ್ಟರಲ್ಲಿ ಕಂಡಕ್ಟರು ಬಂದು ಸ್ವೆಟರಿನೊಳಗಿರುವ ತಲೆಯನ್ನು ಕೇಳುತ್ತಾರೆ, "ಎಲ್ಲಿಗ್ರೀ?"

ಅದಕ್ಕೇ ನನ್ನ ಓಟು ಮುಂದೆ ಗುಂಡಿಯಿರುವ ಕಾರ್ಡಿಗನ್ನಿಗೆ. ಅದು ಹೆಸರು ಪಡೆದದ್ದು ಇಂಗ್ಲೆಂಡಿನ ಕಾರ್ಡಿಗನ್ ಪ್ರಭುವಿನಿಂದ. ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು, ಬಾಲಾಕ್ಲಾವಾದಲ್ಲಿ ಕುದುರೆ ಪಡೆಯನ್ನು ರಷ್ಯದ ಫಿರಂಗಿಗಳ ಬಾಯಿಗೆ ನಡೆಸಿದವನು ಆತ. ಅದೇ ಯುದ್ಧದ ಸೇನಾಪತಿ ರ‍್ಯಾಗ್ಲನ್ ಪ್ರಭು; ವಾಟರ್ಲೂನಲ್ಲಿ ಒಂದು ಕೈ ಕಳೆದುಕೊಂಡಿದ್ದ. ಹೆಗಲ ಹೊಲಿಗೆಯಿಲ್ಲದೆ ಕತ್ತಿನಿಂದಲೇ ಓರೆಯಾಗಿ ಇಳಿಯುವ ತೋಳಿಗೆ ಅವನ ಹೆಸರು. ಚಳಿಗೆ ನಡುಗುತ್ತಿದ್ದ ಸಿಪಾಯಿಗಳಿಗೆ ಊರ ಹೆಂಗಸರು ಹೆಣೆದು ಕಳಿಸಿದರೆನ್ನುವ, ಕಣ್ಣು ಮೂಗು ಬಿಟ್ಟು ತಲೆಯನ್ನೆಲ್ಲ ಮುಚ್ಚುವ ಟೋಪಿಗೆ ಬಾಲಾಕ್ಲಾವಾದ್ದೇ ಹೆಸರು ಬಂತು. ಯುದ್ಧದಿಂದ ಯಾರಿಗೆ ಏನು ಸಿಕ್ಕಿತೋ, ಗಂಡಸರ ಉಣ್ಣೆಬಟ್ಟೆಗೆ ಮೂರು ಹೆಸರಂತೂ ಸಿಕ್ಕವು. ಮೂರನೆಯದನ್ನು ನಾವು ಮಂಕಿ ಕ್ಯಾಪ್ ಅನ್ನುತ್ತೇವೆ. ಹೊನ್ನಾವರ ತಾಲೂಕಿನಲ್ಲೇ ಮಂಕಿ ಎಂಬ ದೊಡ್ಡ ಊರಿರುವುದರಿಂದ, ಅದು ಅಲ್ಲಿಯ ಉತ್ಪನ್ನ ಎಂದು ನಂಬಿದ ಒಬ್ಬ ಮೈಸೂರಿನ ಮಿತ್ರರು ನನಗಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಆ ಟೋಪಿಯ ನಿಜವಾದ ರಣಭೂಮಿ ಯಕ್ಷಗಾನದ ಬಯಲು. ಕೊಯ್ಲಾದ ಗದ್ದೆ, ಕಾಲಡಿ ಒಣಗಿದ ಕೂಳೆ, ಮೇಲಿಂದ ಇಬ್ಬನಿ. ರಾತ್ರಿ ಎರಡರ ನಂತರ ನೋಡಬೇಕು ಪ್ರೇಕ್ಷಕರ ಪದರಗಳನ್ನು! ಲುಂಗಿಯ ಮೇಲೆ ಅಂಗಿ, ಅಂಗಿಯ ಮೇಲೆ ಹಾಫ್ ಸ್ವೆಟರ್, ಅದರ ಮೇಲೆ ಹೆಂಡತಿಯ ಶಾಲು, ಕಿವಿಗೆ ಮಫ್ಲರ್, ಎಲ್ಲದರ ಮೇಲೆ ಮನೆಯಿಂದ ತಂದ ಕಂಬಳಿ. ಬಣ್ಣಕ್ಕೆ ಬಣ್ಣ ಹೊಂದುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಆದರೂ ಅದರಲ್ಲಿ ತಿಳಿವಳಿಕೆಯಿದೆ. ತೆಳುವಾದ ಮೂರು ಪದರ ದಪ್ಪನೆಯ ಒಂದಕ್ಕಿಂತ ಬೆಚ್ಚಗಿರುತ್ತದೆ, ಏಕೆಂದರೆ ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ. ಚಂಡೆಗೆ ಮೈ ಬಿಸಿಯಾದರೆ ಒಂದು ತೆಗೆದು ಮೊಮ್ಮಗನ ತಲೆದಿಂಬು ಮಾಡಬಹುದು.

ಅದೇ ಹೊತ್ತಿನಲ್ಲಿ ರಂಗಸ್ಥಳದ ಮೇಲೆ ಇರುವವನು ಭಟ್ಕಳ, ಹೊನ್ನಾವರ, ಕುಮಟೆ ಈ ಮೂರೂ ತಾಲೂಕುಗಳಲ್ಲಿ ಅತಿ ಹೆಚ್ಚು ಪದರ ತೊಟ್ಟ ಗಂಡಸು. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು 1934ರಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಬಡಗುತಿಟ್ಟಿನ ಯಕ್ಷಗಾನದ ಇಂಥ ದೊಡ್ಡ ಹೆಸರುಗಳೆಲ್ಲ ಹೊನ್ನಾವರದ ಸೆಕೆಯಲ್ಲೇ ಬೆಳೆದವು. ವೇಷ ಕಟ್ಟುವ ಚೌಕಿಯಲ್ಲಿ ಒಮ್ಮೆ ಬದಿಗೆ ನಿಂತು ನೋಡಿ. ಮೊದಲು ಮೈಗಂಟುವ ಬನಿಯನ್. ಅದರ ಮೇಲೆ ದಗಲೆ. ಚೌಕಳಿ ಸೀರೆಯ ಕಸೆ, ಎದೆಕಟ್ಟು, ಭುಜಕೀರ್ತಿ, ತೋಳಿಗೆ ಆಭರಣ, ಸೊಂಟಕ್ಕೆ ಡಾಬು, ಕೊನೆಗೆ ತಲೆಗೆ ಮುಂದಲೆಯೋ ಕಿರೀಟವೋ. ಬಹುಪಾಲು ಹಗ್ಗ ದಾರಗಳಲ್ಲಿ ಬಿಗಿದು ಕಟ್ಟುವಂಥದ್ದೇ. ಕಟ್ಟುವವನು ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಾನೆ, ಕಟ್ಟಿಸಿಕೊಳ್ಳುವವನು ಉಸಿರು ಹಿಡಿದು ಗೋಡೆ ನೋಡುತ್ತಾನೆ. ಸೋದರಳಿಯ ಹೇಳಿದ ಸೂತ್ರಗಳೆಲ್ಲ ಇಲ್ಲಿವೆ: ಒಳಗೆ ತೆಳು, ಹೊರಗೆ ಭಾರ; ಮೈಗೆ ಅಂಟಿದ್ದರ ಮೇಲೆ ಸಡಿಲವಾದದ್ದು; ಹೆಗಲು ಅಗಲ, ಸೊಂಟ ಬಿಗಿ. ಕುಣಿದು ಬಂದ ಮೇಲೆ ಬಿಚ್ಚಿ ಹಿಂಡಿದರೆ ಬನಿಯನ್ನಿನಿಂದ ನೀರು ಸುರಿಯುತ್ತದೆ. ಹತ್ತಿಗೆ ಕುಡಿಯಲು ಗೊತ್ತು, ಆರಲು ಗೊತ್ತಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲವಂತೆ. ಆದರೆ ವೇಷದ ಒಳಗೆ ಉಣ್ಣೆಯ ಬನಿಯನ್ ಹಾಕಿಕೊಳ್ಳಿ ಎಂದು ಭಾಗವತರೆದುರು ಹೇಳುವ ಧೈರ್ಯ ನನಗಿಲ್ಲ.

ಕೊಳ್ಳುವುದಾದರೆ ಭಟ್ಕಳ. ಮನೆಗೊಬ್ಬರು ಕೊಲ್ಲಿ ದೇಶಗಳಲ್ಲಿರುವ ಊರು ಅದು. ಅಲ್ಲಿಂದ ಬಂದ ಮಾಲು ಅಂಗಡಿಗಳಲ್ಲಿ ಸಿಗುತ್ತದೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಶಂಸುದ್ದೀನ್ ಸರ್ಕಲಿನ ಬಳಿ ಒಂದು ಅಂಗಡಿಗೆ ಹೊಕ್ಕೆ. ಬೆವರೊರೆಸುತ್ತ ಸ್ವೆಟರ್ ಕೇಳಿದವನನ್ನು ಸಾಹೇಬರು ಒಂದಿಷ್ಟೂ ಅಚ್ಚರಿಯಿಲ್ಲದೆ ಒಳಗೆ ಕರೆದರು.

"ಹೆಗಡೇರೇ, ನನ್ನ ಮಗ ದುಬೈಲಿ. ಹೊರಗೆ ನಲವತ್ತೈದು ಡಿಗ್ರಿ. ಒಳಗೆ ಆಫೀಸಲ್ಲಿ ಸ್ವೆಟರ್ ಹಾಕ್ಕೊಂಡು ಕೂತಿರ್ತಾನೆ. ಎಸಿ ಅಲ್ವಾ?"

ಹಾಗಾದರೆ ಭಟ್ಕಳದವರಿಗೆ ಚಳಿಗಾಲ ಬರುವುದು ಮರುಭೂಮಿಯಲ್ಲಿ! ಸಾಹೇಬರು ಮೇಜಿನ ಮೇಲೆ ಐದಾರು ಹರಡಿದರು. ನೋಡುವ ಕ್ರಮವನ್ನೂ ಅವರೇ ತೋರಿಸಿದರು. ಹೆಗಲ ಹೊಲಿಗೆ ಸರಿಯಾಗಿ ಹೆಗಲೆಲುಬಿನ ತುದಿಗೆ ಕೂರಬೇಕು, ಅದು ಕೆಳಗೆ ಜಾರಿದರೆ ಅಣ್ಣನ ಸ್ವೆಟರ್ ಹಾಕಿದಂತೆ ಕಾಣುತ್ತದೆ. ಮುಂಗೈಯ ಪಟ್ಟಿಯನ್ನು ಎಳೆದು ಬಿಡಬೇಕು. ಅದು ತಟ್ಟನೆ ಮೊದಲಿನಂತಾದರೆ ಹೆಣಿಗೆಗೆ ಜೀವವಿದೆ, ಬಾಯ್ಬಿಟ್ಟುಕೊಂಡೇ ಇದ್ದರೆ ಮರಳಿ ಮಡಚಿಡಬೇಕು. ಬೆಳಕಿಗೆ ಹಿಡಿದಾಗ ಕುಣಿಕೆಗಳು ಒಂದೇ ಸಮ ಕಾಣಬೇಕು. ಒಳಗಿನ ಅಂಗಿಯ ಅಂಚು ಸ್ವೆಟರಿನ ಕೆಳಗೆ ಇಣುಕಿದರೆ ಬೆರಳಗಲದಷ್ಟಿರಲಿ, ಗೇಣುದ್ದ ಬೇಡ. ಅಂಗಿಗೆ ಗೆರೆ ಚೌಕಳಿ ಇದ್ದರೆ ಸ್ವೆಟರ್ ಸಾದಾ. "ಎರಡೂ ಮಾತಾಡಿದ್ರೆ ಗಲಾಟೆ ಆಗ್ತದೆ" ಎಂದರು.

"ಇದು ಉಣ್ಣೆಯೇ ಹೌದಾ?" ಎಂದೆ. ಸಾಹೇಬರು ಒಳಹೊಲಿಗೆಯಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಮಣಿಯಾಯಿತು. ಅವರು ಅದನ್ನು ಉಗುರಿನಿಂದ ಕುಟ್ಟಿ ಸದ್ದು ಕೇಳಿಸಿ, "ಹೌದಲ್ಲ. ಆದ್ರೆ ನುಸಿ ತಿನ್ನೋದಿಲ್ಲ" ಎಂದು ಆ ದೋಷವನ್ನೇ ಗುಣವಾಗಿ ಮಾರಿದರು. ಕೊನೆಗೆ ನಾನು ಕೊಂಡದ್ದು ತೆಳು ಹತ್ತಿಯಲ್ಲಿ ಹೆಣೆದ ಕಾಲರಿನ ಟೀ ಶರ್ಟ್ ಒಂದು, ಕಾಫಿಪುಡಿ ಬಣ್ಣದ ಹಾಫ್ ಸ್ವೆಟರ್ ಒಂದು. ಕೆನೆ ಬಣ್ಣದ್ದು ಚೆಂದವೇ ಇತ್ತು, ಆದರೆ ಕವಳ ಹಾಕುವವರ ಮಧ್ಯೆ, ಕೆಂಪು ಮಣ್ಣಿನ ಊರಲ್ಲಿ, ಕೆನೆ ಬಣ್ಣ ಎಷ್ಟು ದಿನ ಕೆನೆಯಾಗಿದ್ದೀತು?

ಹಾಫ್ ಸ್ವೆಟರನ್ನು ಶಾಲಾಮಾಸ್ತರರ ಸಮವಸ್ತ್ರವೆಂದು ಸೋದರಳಿಯ ನಗುತ್ತಾನೆ. ನಗಲಿ. ಎದೆಗೆ ಬೆಚ್ಚಗೆ, ಕಂಕುಳಿಗೆ ಗಾಳಿ. ಅಂಗಿಯ ಮೇಲೂ ಆಗುತ್ತದೆ, ಜಾಕೆಟಿನ ಒಳಗೂ ಆಗುತ್ತದೆ. ಕರಾವಳಿಗೆ ಹೇಳಿ ಮಾಡಿಸಿದ ಉಣ್ಣೆಬಟ್ಟೆ ಒಂದಿದ್ದರೆ ಅದು ಇದೇ.

ಕೊಂಡದ್ದನ್ನು ಕಾಯುವುದು ಬೇರೆಯೇ ಕಷ್ಟ. ಹ್ಯಾಂಗರಿಗೆ ತೂಗಿದರೆ ತನ್ನ ಭಾರಕ್ಕೆ ತಾನೇ ಜೋಲುತ್ತದೆ, ಹೆಗಲಲ್ಲಿ ಎರಡು ಕೊಂಬು ಮೂಡುತ್ತವೆ. ಮಡಚಿಯೇ ಇಡಬೇಕು. ಒಗೆದ ಮೇಲೆ ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಒಣಗಿಸಬೇಕು. ಅಡಿಕೆ ಒಣಗಿಸುವ ಅಂಗಳದಲ್ಲಿ ನಮ್ಮ ಮನೆಯವಳು ಅದಕ್ಕೂ ಒಂದು ಮೂಲೆ ಕೊಟ್ಟಿದ್ದಾಳೆ. ಮಳೆಗಾಲದಲ್ಲಿ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವಾಗ ಟ್ರಂಕಿನೊಳಗಿನ ಸ್ವೆಟರ್ ಬೂಷ್ಟು ಹಿಡಿಯದೆ ಇದ್ದೀತೇ? ಬಚ್ಚಲ ಒಲೆಯ ಮೇಲಿನ ದಂಡಿಗೆಗೆ ಹಾಕಿದರೆ ಒಣಗುತ್ತದೆ, ಹೊಗೆಯ ವಾಸನೆಯೂ ಹತ್ತುತ್ತದೆ. ಬೆಂಗಳೂರಿನ ಮದುವೆಮನೆಯೊಂದರಲ್ಲಿ ನನ್ನ ಪಕ್ಕದಲ್ಲಿ ಕೂತವರು ಮೂಗರಳಿಸಿ, ಇದು ಯಾವ ಸೆಂಟು ಎಂದು ಕೇಳಿದ್ದಾರೆ.

ಆ ಮದುವೆಗೆ ಹೊರಟದ್ದು ಹೊನ್ನಾವರದಿಂದ ರಾತ್ರಿಯ ಎಸಿ ಬಸ್ಸಿನಲ್ಲಿ. ಬೆವರು ಸುರಿಸುತ್ತ ಟೀ ಶರ್ಟು, ಅಂಗಿ, ಹಾಫ್ ಸ್ವೆಟರು ತೊಟ್ಟು ಕಾರ್ಡಿಗನ್ ಕೈಯಲ್ಲಿ ಹಿಡಿದು ನಿಂತವನನ್ನು ನೋಡಿ ನೆರೆಯೂರಿನ ಶೆಟ್ಟರು ನಕ್ಕಿದ್ದರು. ಅವರದ್ದು ತೆಳು ಅಂಗಿ, ಮಡಚಿ ಕಟ್ಟಿದ ಲುಂಗಿ. ಗೇರುಸೊಪ್ಪೆ ದಾಟಿ ಘಟ್ಟ ಹತ್ತುವಷ್ಟರಲ್ಲಿ ಮೇಲಿನ ಬರ್ತಿನಿಂದ ಒಂದು ಕೈ ಇಳಿಯಿತು. "ಹೆಗಡೇರೇ, ನಿಮ್ಮತ್ರ ಒಂದು ಹೆಚ್ಚಿಗೆ ಉಂಟಾ?" ಹಾಫ್ ಸ್ವೆಟರ್ ಬಿಚ್ಚಿ ಕೊಟ್ಟೆ. ಶೆಟ್ಟರ ಹೊಟ್ಟೆ ನನ್ನದಕ್ಕಿಂತ ಎರಡು ಅಳತೆ ದೊಡ್ಡದು. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಅದನ್ನು ತೊಟ್ಟೇ ಇಳಿದು ಹೋದರು. ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಕೇಳಿದರೆ, "ಓ ಅದಾ? ನಂಗೆ ಬಿಗಿ ಆಗ್ತಿತ್ತು ಮಾರಾಯ್ರೆ, ತಮ್ಮನಿಗೆ ಕೊಟ್ಟೆ. ಅವನಿಗೆ ಸರೀ ಕೂತಿದೆ" ಅಂದರು.