ಮಾತಾಡಬಾರದು, ಕಾಲು ಚಾಚಬಾರದು

ಪ್ರತಿ ಪಂದ್ಯಾವಳಿಗೂ ಮುಂಚೆ ಜಪಾನಿನ ಸುಮೊ ಸಂಘ ಒಂದು ದೊಡ್ಡ ಹಾಳೆ ಅಚ್ಚು ಹಾಕಿಸುತ್ತದೆ. ಅದಕ್ಕೆ ಬಾಂಜುಕೆ ಎಂದು ಹೆಸರು. ಸುಮಾರು 600 ಪೈಲ್ವಾನರು ಅದರಲ್ಲಿ ದರ್ಜೆಯ ಪ್ರಕಾರ ಮೇಲಿಂದ ಕೆಳಕ್ಕೆ ಇಳಿದು ಬರುತ್ತಾರೆ. ಬರೆಯುವವರು ಸುಮೊ ಕಣದ ತೀರ್ಪುಗಾರರೇ, ಅದೂ ಕುಂಚ ಹಿಡಿದು ಕೈಯಲ್ಲಿ. ತುತ್ತತುದಿಯ ಯೊಕೊಜುನಾ ಹೆಸರು ದಪ್ಪಗೆ, ಠೀವಿಯಿಂದ ಕೂತಿರುತ್ತದೆ. ಕೆಳಗಿಳಿದಂತೆ ಅಕ್ಷರ ಸೊರಗುತ್ತಾ ಹೋಗಿ, ಜೊನೊಕುಚಿ ಎಂಬ ಕಟ್ಟಕಡೆಯ ವಿಭಾಗಕ್ಕೆ ಬರುವಷ್ಟರಲ್ಲಿ ಓದಲು ಭೂತಗನ್ನಡಿ ಬೇಕಾಗುತ್ತದೆ. ಅಲ್ಲಿರುವವರನ್ನು ತಮಾಷೆಗೆ ‘ಭೂತಗನ್ನಡಿಗಳು’ ಎಂದೇ ಕರೆಯುವುದುಂಟು. ಅವರಿಗಿಂತಲೂ ಕೆಳಗೆ ಇನ್ನೊಂದು ದರ್ಜೆಯಿದೆ. ಅದನ್ನು ಮಾತ್ರ ಯಾರೂ ಅಚ್ಚು ಹಾಕಿಸುವುದಿಲ್ಲ. ಬೆಳಗಿನ ಅಭ್ಯಾಸ ನೋಡುತ್ತೇನೆಂದು ಕ್ಯಾಮೆರಾ ನೇತುಹಾಕಿಕೊಂಡು ಬರುವ ಪ್ರವಾಸಿಯ ದರ್ಜೆ ಅದು.

ಪಾಪ, ಅವನು ನೋಡಲು ಹೊರಟದ್ದು ಅಭ್ಯಾಸವನ್ನಲ್ಲ, ಪಂದ್ಯವನ್ನು. ಆದರೆ ದೊಡ್ಡ ಪಂದ್ಯಾವಳಿ ನಡೆಯುವುದು ವರ್ಷಕ್ಕೆ ಆರೇ ಸಲ, ಒಂದೊಂದೂ 15 ದಿನ. ಅದರಲ್ಲೂ ಟೋಕಿಯೊ ಪಾಲಿಗೆ ಜನವರಿ, ಮೇ, ಸೆಪ್ಟೆಂಬರ್ ಮಾತ್ರ. ಮಿಕ್ಕವು ಒಸಾಕಾ, ನಗೋಯಾ, ಫುಕುವೊಕಾಗಳಿಗೆ ಹಂಚಿಹೋಗಿವೆ. ನಮ್ಮ ಕಡೆಯಿಂದ ಹೋಗುವವರು ಚೆರ್ರಿ ಹೂವಿನ ಆಸೆಗೆ ಏಪ್ರಿಲ್ ಹಿಡಿಯುತ್ತಾರೆ. ಆಗ ಪಂದ್ಯವೂ ಇಲ್ಲ, ಹೆಸರುವಾಸಿ ಪೈಲ್ವಾನರೂ ಊರೂರು ತಿರುಗಿ ಪ್ರದರ್ಶನ ಕೊಡಲು ಹೊರಟಿರುತ್ತಾರೆ. ಪಂದ್ಯಾವಳಿ ಮುಗಿದ ಮರುವಾರವೋ, ಎಲ್ಲರಿಗೂ ರಜೆ. ಹೀಗೆ ಕ್ಯಾಲೆಂಡರು ಕೈಕೊಟ್ಟವರಿಗೆಲ್ಲ ಯಾರೋ ಒಬ್ಬರು ಕಿವಿಯಲ್ಲಿ ಹೇಳುತ್ತಾರೆ: ‘ಪಂದ್ಯ ಬಿಡಿ, ಅಸಲಿ ಮಜಾ ಇರೋದು ಬೆಳಿಗ್ಗೆ ಗರಡಿಯಲ್ಲಿ.’

ಆ ಗರಡಿಗೆ ಅಲ್ಲಿ ಹೆಯಾ ಎನ್ನುತ್ತಾರೆ. ಪೈಲ್ವಾನರು ಸೆಣಸುವುದು, ಉಣ್ಣುವುದು, ಮಲಗುವುದು ಎಲ್ಲ ಅಲ್ಲೇ. ಅಂಥವು ಸುಮಾರು 45 ಇವೆ. ಹಲವು ಇರುವುದು ಟೋಕಿಯೊದ ರಿಯೊಗೊಕು ಬಡಾವಣೆಯಲ್ಲಿ, ಕೊಕುಗಿಕಾನ್ ಎಂಬ ಸುಮೊ ಕ್ರೀಡಾಂಗಣದ ಆಸುಪಾಸಿನಲ್ಲಿ. ಹೊರಗಿನಿಂದ ನೋಡಿದರೆ ಮೂರು ನಾಲ್ಕು ಮಹಡಿಯ ಸಾಧಾರಣ ಕಟ್ಟಡ. ಮುಂದೆ ಒಣಹಾಕಿದ ಉದ್ದಾನುದ್ದ ಮವಾಶಿ, ಅಂದರೆ ಸುಮೊ ಲಂಗೋಟಿ, ಕಂಡರೆ ವಿಳಾಸ ಸರಿಯಿದೆಯೆಂದು ಲೆಕ್ಕ. ಅಭ್ಯಾಸದ ಆ ದಪ್ಪ ಬಟ್ಟೆಯನ್ನು ನೀರಿಗೆ ಹಾಕುವ ಪದ್ಧತಿ ಇಲ್ಲ, ಬಿಸಿಲಿಗೆ ಹಾಕಿದರೆ ಮುಗಿಯಿತು. ಇದನ್ನು ಒಳಗೆ ಹೋಗಿ ಕೂರುವ ಮೊದಲು ತಿಳಿಯದಿರುವುದೇ ಒಳ್ಳೆಯದು.

ಒಳಗೆ ಹೋಗುವುದೂ ಸಲೀಸಲ್ಲ. ಟಿಕೆಟ್ ಕೌಂಟರು ಎಂಬುದಿಲ್ಲ. ಕೆಲವು ಹೆಯಾಗಳು ಹೊರಗಿನವರನ್ನು ಬಿಟ್ಟುಕೊಳ್ಳುವುದೇ ಇಲ್ಲ. ಬಿಟ್ಟುಕೊಳ್ಳುವ ಕಡೆ ಮುಂಚಿನ ದಿನ ಫೋನ್ ಮಾಡಿ, ಜಪಾನಿ ಭಾಷೆಯಲ್ಲಿ, ನಾಳೆ ಅಭ್ಯಾಸ ಉಂಟೇ ಎಂದು ವಿನಯದಿಂದ ಕೇಳಬೇಕು. ಇದು ಆಗದವರಿಗಾಗಿ ಪ್ರವಾಸ ಕಂಪನಿಗಳಿವೆ. ತಲೆಗೆ 10,000 ಯೆನ್ ದಾಟಿದರೂ ದಾಟಿತು, ಜೊತೆಗೊಬ್ಬ ಗೈಡ್ ಸಿಗುತ್ತಾನೆ. ಅವನು ಹೇಳಬೇಕಾದ್ದನ್ನೆಲ್ಲ ಬಾಗಿಲ ಹೊರಗೇ ಹೇಳಿ ಮುಗಿಸುತ್ತಾನೆ. ಒಳಗೆ ಬಾಯಿ ತೆರೆಯುವ ಹಕ್ಕು ಅವನಿಗೂ ಇಲ್ಲ.

ಹೊರಗೆ ಹೇಳುವುದಾದರೂ ಏನು? ಟೋಪಿ ತೆಗೆಯಿರಿ. ಫೋನ್ ಸದ್ದು ಅಡಗಿಸಿ. ಫ್ಲ್ಯಾಶ್ ಹಾಕಬೇಡಿ. ಏನೂ ತಿನ್ನಬೇಡಿ, ಕುಡಿಯಬೇಡಿ. ನಡುವೆ ಎದ್ದು ಓಡಾಡಬೇಡಿ. ಮುಖ್ಯವಾಗಿ, ಅಂಗಾಲನ್ನು ಕಣದ ಕಡೆ ತೋರಿಸಲೇಬೇಡಿ. ಅದು ಪೂಜೆ ಮಾಡಿ, ದೇವರನ್ನು ಇರಿಸಿದ ಜಾಗ. ಎರಡೂವರೆ ಮೂರು ಗಂಟೆ ಹೀಗೇ, ಒಂದು ತೆಳು ದಿಂಬಿನ ಮೇಲೆ.

ಚಕ್ಕಳಮಕ್ಕಳ ಹಾಕಿ ಕೂರುವುದೆಂದರೆ ನಮಗೇನು ಹೊಸದೇ ಎಂದು ಕನ್ನಡಿಗ ಪ್ರವಾಸಿ ಪಕ್ಕದ ಯೂರೋಪಿನವರನ್ನು ಕನಿಕರದಿಂದ ನೋಡುತ್ತಾನೆ. ಅಜ್ಜನ ಕಾಲದಲ್ಲಿ ಮದುವೆ ಮನೆಯ ಮೂರನೇ ಪಂಕ್ತಿಗೆ ಕಾದು ಕೂತ ವಂಶವಲ್ಲವೇ? ಆದರೆ ವಂಶದ ಮಂಡಿ ಬೇರೆ, ಡೈನಿಂಗ್ ಟೇಬಲ್ಲಿಗೆ ಒಗ್ಗಿದ ಸ್ವಂತ ಮಂಡಿ ಬೇರೆ. ಇಪ್ಪತ್ತು ನಿಮಿಷಕ್ಕೆ ಎಡಗಾಲಿಗೆ ಜೋಮು. ಅರ್ಧ ಗಂಟೆಗೆ ಬಲಗಾಲೂ ಅದರ ಜೊತೆ ಸೇರುತ್ತದೆ. ಚಾಚೋಣವೆಂದರೆ ಎದುರಿಗೇ ಕಣ. ಮುಕ್ಕಾಲು ಗಂಟೆ ಕಳೆಯುವಾಗ ಅವನ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ಕಂಡು, ಈತ ಸುಮೊ ಕಲೆಯ ಆಳಕ್ಕೆ ಇಳಿದಿದ್ದಾನೆಂದು ಪಕ್ಕದವರು ಭಾವಿಸಿದರೆ ತಪ್ಪಿಲ್ಲ.

ಅತ್ತ ಕಣದಲ್ಲಿ ಬೆಳಗಿನ ಐದಾರು ಗಂಟೆಗೇ ಕೆಲಸ ಶುರುವಾಗಿರುತ್ತದೆ. ಮೊದಲು ಇಳಿಯುವವರು ಕಿರಿಯರು. ನಿದ್ದೆ ಮಾಡುವ ಹಕ್ಕೂ ಇಲ್ಲಿ ದರ್ಜೆಗೆ ತಕ್ಕಂತೆ. ಹಿರಿಯರು ಬರುವುದು ಎಂಟರ ಆಸುಪಾಸಿಗೆ. ಯಾರ ಹೊಟ್ಟೆಯಲ್ಲೂ ಏನೂ ಇರುವುದಿಲ್ಲ, ಬೆಳಗಿನ ತಿಂಡಿ ಎಂಬ ಏರ್ಪಾಡೇ ಇಲ್ಲ. 4.55 ಮೀಟರ್ ಅಡ್ಡಳತೆಯ ಮಣ್ಣಿನ ವೃತ್ತ, ಅದರ ಸುತ್ತ ನಿಂತು ಶಿಕೊ ಹಾಕುತ್ತಾರೆ. ಒಂದು ಕಾಲನ್ನು ಪಕ್ಕಕ್ಕೆ ಆದಷ್ಟೂ ಮೇಲಕ್ಕೆತ್ತಿ, ತಡೆದು, ನೆಲಕ್ಕೆ ಅಪ್ಪಳಿಸುವುದು. ಆಮೇಲೆ ಇನ್ನೊಂದು ಕಾಲು. ಹೀಗೆ ನೂರಾರು ಸಲ. ಇದು ಮುಗಿದರೆ ಮತಾವಾರಿ: ಎರಡೂ ಕಾಲನ್ನು ಎಡಬಲಕ್ಕೆ ಸರಳರೇಖೆಯಾಗಿ ಚಾಚಿ ಎದೆಯನ್ನು ನೆಲಕ್ಕೆ ಮುಟ್ಟಿಸುವುದು. 150 ಕಿಲೊ ಆಸಾಮಿ ರೊಟ್ಟಿಯಂತೆ ನೆಲಕ್ಕೆ ಅಂಟಿಕೊಳ್ಳುವುದನ್ನು ಕಂಡಾಗ, 70 ಕಿಲೊ ತೂಗುತ್ತಾ ಶೂ ಲೇಸು ಕಟ್ಟಲು ಕುರ್ಚಿ ಹುಡುಕುವ ಪ್ರವಾಸಿಗೆ ಬೊಜ್ಜಿನ ಬಗ್ಗೆ ತನಗಿದ್ದ ಅಭಿಪ್ರಾಯವನ್ನೆಲ್ಲ ಮರುಪರಿಶೀಲಿಸಬೇಕಾಗುತ್ತದೆ.

ಟಿ.ವಿ.ಯಲ್ಲಿ ಸುಮೊ ನೋಡಿದವರಿಗೆ ಸದ್ದು ಗೊತ್ತಿರುವುದಿಲ್ಲ. ಎರಡು ದೇಹಗಳು ಮಣ್ಣಿಗೆ ಕೈಯೂರಿ, ಉಸಿರು ಕೂಡಿಸಿ, ಒಟ್ಟಿಗೆ ಎದ್ದು ಹಣೆಗೆ ಹಣೆ ಘಟ್ಟಿಸಿದಾಗ ಹೊರಡುವುದು ಮಾಂಸದ ಸದ್ದಲ್ಲ, ಒಣ ಮೂಳೆಯದು. ಮುಂದಿನ ಸಾಲಿನವರು ಬೆಚ್ಚುತ್ತಾರೆ. ಪೈಲ್ವಾನ ಮಾತ್ರ ಹಣೆ ಒರೆಸಿಕೊಂಡು ಮತ್ತೆ ಸಾಲಿಗೆ ಹೋಗಿ ನಿಲ್ಲುತ್ತಾನೆ. ಗೆದ್ದವನು ಕಣದಲ್ಲೇ ಉಳಿಯುತ್ತಾನೆ. ಪಂದ್ಯ ಮುಗಿದ ಕ್ಷಣವೇ ನಾಲ್ಕೈದು ಜನ ‘ನಾನು, ನಾನು’ ಎಂದು ಅವನ ಮುಂದೆ ನುಗ್ಗುತ್ತಾರೆ, ಅವನು ಒಬ್ಬನನ್ನು ಆರಿಸುತ್ತಾನೆ. ಗೆದ್ದಷ್ಟೂ ದಣಿವು, ಸೋತರೆ ವಿಶ್ರಾಂತಿ. ಹಾಗಿದ್ದೂ ಎಲ್ಲರೂ ಗೆಲ್ಲಲು ಹೆಣಗುತ್ತಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಕೊನೆಗೆ ಇಟ್ಟ ಬುತ್ಸುಕಾರಿ. ಹಿರಿಯನೊಬ್ಬ ತೋಳು ಅಗಲಿಸಿ ಎದೆಯೊಡ್ಡಿ ನಿಲ್ಲುತ್ತಾನೆ. ಕಿರಿಯ ಓಡಿಬಂದು ಆ ಎದೆಗೆ ಗುದ್ದಿ, ಅವನನ್ನು ಕಣದ ಆಚೆ ತುದಿಯವರೆಗೆ ತಳ್ಳಬೇಕು. ಹಿರಿಯನ ಪಾದಗಳು ಮಣ್ಣಿನಲ್ಲಿ ಎರಡು ಸಾಲು ಕೊರೆಯುತ್ತಾ ಜಾರುತ್ತವೆ. ತಳ್ಳಿ ಮುಗಿಸಿದವನ ಕತ್ತು ಹಿಡಿದು ಹಿರಿಯ ಅವನನ್ನು ಉರುಳಿಸುತ್ತಾನೆ. ಏಳು, ತಳ್ಳು, ಉರುಳು. ನಾಲ್ಕೈದು ಸಲಕ್ಕೆ ಹುಡುಗನ ಬೆನ್ನು ಬೆವರಿಗೆ ಮರಳು ಮೆತ್ತಿ ಕಂದಾಗುತ್ತದೆ, ಕೂದಲ ಗಂಟು ಬಿಚ್ಚಿ ಮುಖಕ್ಕೆ ಬೀಳುತ್ತದೆ, ಉಸಿರು ಸಿಳ್ಳೆ ಹಾಕತೊಡಗುತ್ತದೆ. ಇನ್ನು ಏಳಲಾರ ಎನ್ನುವಾಗಲೇ ಇನ್ನೊಂದು ಸಲ. ಮುಗಿದ ಮೇಲೆ ಆ ಹುಡುಗನೇ ಸಟುಗದಲ್ಲಿ ನೀರು ತಂದು ಹಿರಿಯನಿಗೆ ಕೊಟ್ಟು, ಬಾಗಿ ವಂದನೆ ಹೇಳುತ್ತಾನೆ. ಇನ್ನೊಬ್ಬ ಬಂದು ಪೊರಕೆಯಿಂದ ಕಣ ಗುಡಿಸುತ್ತಾನೆ. ಈ ಗದ್ದಲದ ನಡುವೆಯೂ ಸುತ್ತ ಹರಡುವುದು ಸಿಹಿಯಾದೊಂದು ವಾಸನೆ. ಜುಟ್ಟಿಗೆ ಹಚ್ಚುವ ಬಿಂತ್ಸುಕೆ ಎಂಬ ಮೇಣದಂಥ ಎಣ್ಣೆಯದು. ಇಷ್ಟು ದೊಡ್ಡ ಕಾಳಗಕ್ಕೆ ಮಿಠಾಯಿ ಅಂಗಡಿಯ ಸುವಾಸನೆ ಹೊಂದುವುದಿಲ್ಲ, ಆದರೂ ನೆನಪಿನಲ್ಲಿ ಉಳಿಯುವುದು ಅದೇ.

ಇದನ್ನೆಲ್ಲ ಎತ್ತರದ ಜಗುಲಿಯ ಮೇಲೆ ಕೂತು ಗುರು ನೋಡುತ್ತಿರುತ್ತಾನೆ. ಅವನು ಒಯಾಕಾತ, ಒಂದು ಕಾಲದ ಪೈಲ್ವಾನ. ಕೈಯಲ್ಲಿ ಪತ್ರಿಕೆ, ಪಕ್ಕದಲ್ಲಿ ಚಹಾ. ನೋಡುತ್ತಿಲ್ಲವೇನೋ ಅನ್ನುವಷ್ಟರಲ್ಲಿ ‘ಸೊಂಟ ಇಳಿಸು’ ಎಂಬ ಒಂದೇ ಮಾತು ಬೀಳುತ್ತದೆ, ಕಣದಲ್ಲಿದ್ದವರೆಲ್ಲರ ಸೊಂಟವೂ ಇಳಿಯುತ್ತದೆ. ಪ್ರವಾಸಿಯೂ ತನಗೇ ಹೇಳಿದರೇನೋ ಎಂದು ನೆಟ್ಟಗೆ ಕೂರುತ್ತಾನೆ.

ಗದರಿಕೆಗೆ ಇನ್ನೊಂದು ಮುಖವಿದೆ, ಅದನ್ನು ಗೈಡ್ ಹೇಳುವುದಿಲ್ಲ. 2007ರಲ್ಲಿ ಒಂದು ಹೆಯಾದಲ್ಲಿ ಅಭ್ಯಾಸದ ಹೆಸರಿನಲ್ಲಿ ಹೊಡೆತ ತಿಂದ 17 ವರ್ಷದ ಹುಡುಗ ಸತ್ತ. ಗುರುವಿಗೆ ಜೈಲಾಯಿತು, ಬಿದಿರ ಕತ್ತಿ ಹಿಡಿದು ಪಾಠ ಹೇಳುವ ಹಳೆಯ ರೀತಿಯ ಬಗ್ಗೆ ಇಡೀ ದೇಶ ಮಾತಾಡಿತು. ಶಿಸ್ತು ಎಲ್ಲಿ ಮುಗಿದು ಹಿಂಸೆ ಎಲ್ಲಿ ಶುರುವಾಗುತ್ತದೆ ಎಂಬುದು ಹೊರಗಿನವನಿಗೆ ಒಂದು ಬೆಳಿಗ್ಗೆ ನೋಡಿದರೆ ತಿಳಿಯುವ ಸಂಗತಿಯಲ್ಲ. ಹೆಂಗಸರ ವಿಷಯವೂ ಹಾಗೆಯೇ. ಜಗುಲಿಯ ಮೇಲೆ ಕೂತು ನೋಡಬಹುದು, ಕಣಕ್ಕೆ ಕಾಲಿಡುವಂತಿಲ್ಲ. 2018ರಲ್ಲಿ ಮೈಝುರು ಎಂಬ ಊರಿನಲ್ಲಿ ಮೇಯರ್ ಭಾಷಣ ಮಾಡುತ್ತಾ ಕಣದಲ್ಲೇ ಕುಸಿದರು. ಎದೆ ಒತ್ತಿ ಜೀವ ಉಳಿಸಲು ಧಾವಿಸಿದ ಮಹಿಳೆಯರಿಗೆ ‘ಹೆಂಗಸರು ಕಣದಿಂದ ಇಳಿಯಿರಿ’ ಎಂದು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೂಗಲಾಯಿತು. ಸಂಘದ ಅಧ್ಯಕ್ಷರು ಆಮೇಲೆ ಕ್ಷಮೆ ಕೇಳಿದರು. ನಿಯಮ ಹಾಗೇ ಇದೆ. ಸಂಪ್ರದಾಯದ ಬಗ್ಗೆ ಎಷ್ಟೇ ಗೌರವವಿರಲಿ, ಆ ಕೂಗನ್ನು ಸಮರ್ಥಿಸುವುದು ಕಷ್ಟ.

ಇಷ್ಟೆಲ್ಲ ಪಾಡು ಯಾತಕ್ಕೆ? ಬಾಂಜುಕೆಯ ಮೇಲಿನ ಎರಡು ವಿಭಾಗಗಳಲ್ಲಿ ಒಟ್ಟು 70 ಜಾಗ. ತಿಂಗಳ ಸಂಬಳ ಅಷ್ಟು ಜನರಿಗೆ ಮಾತ್ರ: 2019ರ ಪರಿಷ್ಕರಣೆಯಂತೆ ಎರಡನೇ ವಿಭಾಗವಾದ ಜೂರ್ಯೊದವನಿಗೆ 11 ಲಕ್ಷ ಯೆನ್, ಯೊಕೊಜುನಾಗೆ 30 ಲಕ್ಷ. 71ನೆಯವನಿಗೆ ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು. ಅಭ್ಯಾಸದಲ್ಲಿ ಬಿಳಿ ಮವಾಶಿ ಉಟ್ಟವನು ಆ 70ರೊಳಗಿನವನು, ಕಪ್ಪಿನವರು ಹೊರಗಿನವರು. ಗಡಿ ದಾಟುವುದು ಎರಡೂ ದಿಕ್ಕಿಗೆ ಉಂಟು. 100 ಕಿಲೊ ಆಸುಪಾಸಿನ ದೇಹದಲ್ಲೇ ತನ್ನ ಎರಡರಷ್ಟು ತೂಗುವವರನ್ನು ಉರುಳಿಸಿ ಜನಪ್ರಿಯನಾದ ಎನ್‌ಹೊ, 2023ರಲ್ಲಿ ಕತ್ತಿಗೆ ಪೆಟ್ಟಾಗಿ ಪಂದ್ಯಗಳನ್ನು ಬಿಡುತ್ತಾ ಹೋಗಿ ಭೂತಗನ್ನಡಿಯ ಸಾಲಿನವರೆಗೆ ಜಾರಿದ. 2024ರ ಜುಲೈನಲ್ಲಿ ಅಲ್ಲಿಂದಲೇ ಮತ್ತೆ ಶುರುಮಾಡಿದ. ಸುಮೊದಲ್ಲಿ ತೂಕದ ವಿಭಾಗಗಳಿಲ್ಲ, ಹಳೆಯ ಹೆಸರಿಗೆ ರಿಯಾಯಿತಿಯೂ ಇಲ್ಲ.

ಸೇರುವುದಕ್ಕೂ ಹಟ ಬೇಕು. ಕನಿಷ್ಠ ಎತ್ತರ 173 ಸೆಂಟಿಮೀಟರ್ ಇದ್ದ ಕಾಲದಲ್ಲಿ ಮೈನೊಉಮಿ ಎಂಬವನಿಗೆ ಕೆಲವೇ ಸೆಂಟಿಮೀಟರ್ ಕಡಿಮೆ ಬಿತ್ತು. ಅವನು ನೆತ್ತಿಯ ಚರ್ಮದಡಿ ಸಿಲಿಕೋನ್ ತುಂಬಿಸಿಕೊಂಡು ಹೋಗಿ ಅಳತೆಯಲ್ಲಿ ಪಾಸಾದ. 1990ರಲ್ಲಿ ಕಣಕ್ಕಿಳಿದು, ತರಹೇವಾರಿ ಪಟ್ಟುಗಳಿಂದ ದೊಡ್ಡವರ ತಲೆ ತಿರುಗಿಸಿ ಹೆಸರು ಮಾಡಿದ. ಎತ್ತರದ ನಿಯಮ ಆಮೇಲೆ ಸಡಿಲವಾಯಿತು.

ಮಂಡಿಯ ಮೇಲೆ ನಂಬಿಕೆಯಿಲ್ಲದ, 10,000 ಯೆನ್ ಕೊಡಲು ಮನಸ್ಸೂ ಬಾರದ ಪ್ರವಾಸಿಗೆ ಟೋಕಿಯೊದ ಹಮಾಚೊದಲ್ಲಿರುವ ಅರಾಶಿಯೊ ಹೆಯಾ ಒಂದು ವರ. ಅದರ ಅಭ್ಯಾಸದ ಕೋಣೆಗೆ ಬೀದಿಯ ಕಡೆ ದೊಡ್ಡ ಗಾಜಿನ ಕಿಟಕಿಗಳಿವೆ. ಫುಟ್‌ಪಾತಿನಲ್ಲಿ ನಿಂತು ಪುಕ್ಕಟೆ ನೋಡಬಹುದು, ಕಾಲು ಬೇಕಾದ ಹಾಗೆ ಅಲ್ಲಾಡಿಸಬಹುದು. 2022ರ ಮಾರ್ಚ್ ಪಂದ್ಯಾವಳಿ ಗೆದ್ದ ವಕಾತಕಕಾಗೆ ಇಲ್ಲಿಯವನೇ. ಅವನ ಇಬ್ಬರು ಅಣ್ಣಂದಿರೂ ಇದೇ ಹೆಯಾ ಸೇರಿದವರು. ಇಲ್ಲಿನ ಗುರುವಿನ ಕಥೆ ಇನ್ನೂ ಸ್ವಾರಸ್ಯದ್ದು. ಒಳ ಮಂಗೋಲಿಯಾದಿಂದ ಬಂದ ಸೊಕೊಕುರೈಯನ್ನು 2011ರಲ್ಲಿ ಪಂದ್ಯ ಮೋಸದ ಹಗರಣದಲ್ಲಿ ಸಂಘ ಹೊರಹಾಕಿತು. ತಾನು ತಪ್ಪು ಮಾಡಿಲ್ಲವೆಂದು ಅವನು ಕೋರ್ಟಿಗೆ ಹೋದ, 2013ರಲ್ಲಿ ಗೆದ್ದು ಮತ್ತೆ ಕಣಕ್ಕೆ ಬಂದ, 2020ರಲ್ಲಿ ಇದೇ ಹೆಯಾದ ಯಜಮಾನನಾದ. ಆದರೆ ಅರಾಶಿಯೊಗೆ ಬರುವವರಲ್ಲಿ ಕೆಲವರು ಕೇಳುವುದು ಪೈಲ್ವಾನರನ್ನಲ್ಲ, ಬೆಕ್ಕುಗಳನ್ನು. ಇಲ್ಲಿ ಬೆಳೆದ ಮೊರು, ಮುಗಿ ಎಂಬೆರಡು ಬೆಕ್ಕುಗಳ ಮೇಲೆ ಫೋಟೊ ಪುಸ್ತಕವೇ ಬಂದಿದೆ. ಎದ್ದು ಓಡಾಡಬಾರದು, ಸದ್ದು ಮಾಡಬಾರದು ಎಂದು ಅವುಗಳಿಗೆ ಯಾರೂ ಹೇಳಿದಂತಿಲ್ಲ. ಪ್ರವಾಸಿಯ ದರ್ಜೆ ಬೆಕ್ಕಿಗಿಂತಲೂ ಕೆಳಗೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ನಗಬೇಕು, ಚಪ್ಪಾಳೆ ತಟ್ಟಬೇಕು, ತಾನೂ ಒಂದು ಕೈ ನೋಡಬೇಕು ಎನ್ನುವವರಿಗೆ ನಿವೃತ್ತ ಪೈಲ್ವಾನರು ನಡೆಸಿಕೊಡುವ ಪ್ರದರ್ಶನಗಳಿವೆ. ಅಲ್ಲಿ ಗಾಳಿ ತುಂಬಿದ ದಪ್ಪ ಉಡುಪು ತೊಟ್ಟು ನಿಜವಾದ ಪೈಲ್ವಾನನನ್ನು ತಳ್ಳಬಹುದು. ಅವನು ದೊಡ್ಡ ಮನಸ್ಸು ಮಾಡಿ ಬಿದ್ದೂ ಬೀಳುತ್ತಾನೆ. ಖುಷಿಯ ಸಂಗತಿಯೇ, ಆದರೆ ಅದನ್ನು ಹೆಯಾದ ಬೆಳಗಿನ ಜೊತೆ ಒಂದೇ ತಕ್ಕಡಿಗೆ ಹಾಕಬಾರದು.

ಹತ್ತು, ಹತ್ತೂವರೆಗೆ ಅಭ್ಯಾಸ ಮುಗಿಯುತ್ತದೆ. ಸ್ನಾನ ದರ್ಜೆಯಂತೆ, ಊಟವೂ ದರ್ಜೆಯಂತೆ. ಅಡುಗೆಯ ಪಾಳಿಯವರು ಆಗಲೇ ದೊಡ್ಡ ಪಾತ್ರೆಯಲ್ಲಿ ಚಾಂಕೊ ಕುದಿಸಿರುತ್ತಾರೆ: ಕೋಳಿ, ತೋಫು, ಕೋಸು, ಅಣಬೆ, ಸಾರು. ಕೋಳಿಗೆ ಇಲ್ಲಿ ವಿಶೇಷ ಮರ್ಯಾದೆ, ಅದು ಎರಡು ಕಾಲಿನ ಮೇಲೆ ನಿಲ್ಲುತ್ತದಲ್ಲ. ನಾಲ್ಕು ಕಾಲೂರಿದ ಪ್ರಾಣಿಯೆಂದರೆ ಕಣದಲ್ಲಿ ಕೈಯೂರಿ ಸೋತವನ ಭಂಗಿ, ಅಪಶಕುನ. ಗುರು ಮತ್ತು ಹಿರಿಯರು ಉಣ್ಣುವಾಗ ಮರಳು ಮೆತ್ತಿಸಿಕೊಂಡ ಅದೇ ಹುಡುಗರು ಹಿಂದೆ ನಿಂತು ಬಡಿಸುತ್ತಾರೆ. ಅವರ ಸರದಿ ಬರುವಾಗ ಪಾತ್ರೆಯಲ್ಲಿ ಸಾರು ಹೆಚ್ಚು, ಕೋಳಿ ಕಡಿಮೆ. ಉಂಡ ಮೇಲೆ ಎಲ್ಲರಿಗೂ ನಿದ್ದೆ, ಮೈ ಬೆಳೆಯುವುದು ಆಗಲೇ ಅನ್ನುತ್ತಾರೆ.

ಪ್ರವಾಸಿಗೆ ಊಟ ಹಾಕುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಅವನು ಗೋಡೆ ಹಿಡಿದು ಎದ್ದು, ಜೋಮು ಬಿಡುವವರೆಗೆ ಶೂ ಗೂಡಿನ ಬಳಿ ನಿಂತು, ರಿಯೊಗೊಕುವಿನಲ್ಲಿ ಮಾಜಿ ಪೈಲ್ವಾನರು ನಡೆಸುವ ಚಾಂಕೊ ಹೋಟೆಲು ಹುಡುಕಿಕೊಂಡು ಹೊರಡುತ್ತಾನೆ. ಬಹಳಷ್ಟು ಕಡೆ ಬಾಗಿಲು ತೆರೆಯಲು ಇನ್ನೂ ಒಂದು ಗಂಟೆ ಬಾಕಿಯಿರುತ್ತದೆ. ಸಸ್ಯಾಹಾರಿಯಾದರೆ ಕೋಳಿ ತೆಗೆದು ಬರೀ ತೋಫು ಹಾಕಿ ಎಂದು ಹೇಳಬಹುದು. ಹಾಗೆಯೇ ಹಾಕಿಕೊಡುತ್ತಾರೆ, ಅದೇ ಕೋಳಿಯ ಸಾರಿನಲ್ಲಿ.