ಪರದೇಶದಾನ ಮೀಮಾಂಸೆ

ಸಾತ್ತ್ವಿಕ, ರಾಜಸ, ತಾಮಸ ಎಂದು ದಾನ ಮೂರು ಬಗೆ. ಪ್ರಾಚೀನರ ಕಣ್ಣಿಗೆ ಬೀಳದೆ ಹೋದ ನಾಲ್ಕನೆಯದು ಟೆಂಡರ್ ದಾನ. ಅದರ ನಿರೂಪಣೆಯೇ ಈ ಗ್ರಂಥದ ಪ್ರಯೋಜನ.

ಲಕ್ಷಣ: ಪರದೇಶದ ಹೆಸರಿನಲ್ಲಿ ಸಂಕಲ್ಪ ಮಾಡಿ ಸ್ವದೇಶದ ಕಂಪನಿಗೆ ಧಾರೆ ಎರೆಯುವುದು. ಇಲ್ಲಿ ಸತ್ಪಾತ್ರವೆಂದರೆ ಕಂಪನಿ. ಪಡೆಯುವ ದೇಶ ನಿಮಿತ್ತಮಾತ್ರ.

ಉದಾಹರಣೆ: 1980ರ ದಶಕದ ನಡುವೆ ಬ್ರಿಟನ್ನಿನ ಹೆಲಿಕಾಪ್ಟರ್ ತಯಾರಕ ವೆಸ್ಟ್‌ಲ್ಯಾಂಡ್ ಕಂಪನಿ ನಷ್ಟದಲ್ಲಿತ್ತು. ಆ ಶುಭಮುಹೂರ್ತದಲ್ಲೇ ಭಾರತದ ಬಡತನಕ್ಕೆ ಹೆಲಿಕಾಪ್ಟರೇ ಮದ್ದೆಂದು ಲಂಡನ್ನಿಗೆ ಹೊಳೆಯಿತು. ನೆರವು 6.5 ಕೋಟಿ ಪೌಂಡು, ಹೆಲಿಕಾಪ್ಟರು 21. ನಮ್ಮವರು ಧರ್ಮಕ್ಕೆ ಕೊಟ್ಟ ದಟ್ಟಿಯನ್ನು ಹಿತ್ತಲಲ್ಲಿ ಮೊಳ ಹಾಕಿ ನೋಡಿ ಹಿಂಜರಿದರು. ಇದು ಬೇಡವಾದರೆ ಆ ಹಣವೂ ಇಲ್ಲ ಎಂಬ ಉತ್ತರ ಬಂತು. ಕೊನೆಗೆ ನಮ್ಮ ಸರ್ಕಾರಿ ಹೆಲಿಕಾಪ್ಟರ್ ಸಂಸ್ಥೆ ಪವನ್ ಹಂಸ್ ಅವನ್ನು ಹಾರಿಸಿತು. ಅಪಘಾತಗಳಾದವು, ಜೀವಗಳು ಹೋದವು. 1991ರಲ್ಲಿ ಎಲ್ಲವೂ ನೆಲ ಹಿಡಿದವು. ಉಳಿದವು ಸುಮಾರು 9 ಲಕ್ಷ ಪೌಂಡಿಗೆ ಬಿಕರಿಯಾದವು. ಕೊಂಡದ್ದೂ ಬ್ರಿಟನ್ನಿನ ಕಂಪನಿಯೇ.

ದಕ್ಷಿಣಾ ಪ್ರಕರಣ: ದಾನದ ಜೊತೆಗೆ ದಕ್ಷಿಣೆಯನ್ನೂ ದಾನಿಯೇ ಕೊಡಬೇಕೆಂಬುದು ಹಳಬರ ಮತ. ನವ್ಯರಲ್ಲಿ ಅದನ್ನು ಪಡೆದವನೇ ಕೊಡುತ್ತಾನೆ. 1988ರಲ್ಲಿ ಬ್ರಿಟನ್ನಿನ ರಕ್ಷಣಾ ಮಂತ್ರಿ ಜಾರ್ಜ್ ಯಂಗರ್ ಮಲೇಷ್ಯಾದೊಡನೆ ಪ್ರಮಾಣವನ್ನೂ ಗೊತ್ತುಮಾಡಿದರು: ಕೊಂಡ ಶಸ್ತ್ರಾಸ್ತ್ರದ ಬೆಲೆಯ ಶೇ. 20ರಷ್ಟು ನೆರವು. ಈ ನಂಟನ್ನು ಆಮೇಲೆ ಕಾಗದದಲ್ಲಿ ಅಳಿಸಲಾಯಿತು. ಆ ನೆರವಿನಲ್ಲಿ ಮಲೇಷ್ಯಾದಲ್ಲಿ ಕಟ್ಟಬೇಕಿದ್ದ ಪೆರ್ಗಾವ್ ಜಲವಿದ್ಯುತ್ ಅಣೆಕಟ್ಟು ಮಾತ್ರ ಅಳಿಯಲಿಲ್ಲ. 1989ರಲ್ಲಿ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ವಾಗ್ದಾನ ಮಾಡಿದ ಕೆಲವೇ ವಾರಗಳಲ್ಲಿ, ಇನ್ನೂ ಒಂದು ಬುಟ್ಟಿ ಮಣ್ಣು ಬೀಳುವ ಮೊದಲೇ, ಅದರ ಅಂದಾಜು ವೆಚ್ಚ 31.6 ಕೋಟಿ ಪೌಂಡಿನಿಂದ 39.7 ಕೋಟಿಗೆ ಬೆಳೆದು ನಿಂತಿತು.

ಪೂರ್ವಪಕ್ಷ: ಅನಿಲದಿಂದ ವಿದ್ಯುತ್ ತೆಗೆದರೆ ಈ ಅಣೆಕಟ್ಟಿಗಿಂತ ಅಗ್ಗ, ಲಿಖಿತ ಆದೇಶವಿಲ್ಲದೆ ಹಣ ಬಿಡುಗಡೆ ಮಾಡಲಾರೆ ಎಂದರು ಬ್ರಿಟನ್ನಿನ ನೆರವು ಇಲಾಖೆಯ ಮುಖ್ಯಾಧಿಕಾರಿ ಟಿಮ್ ಲ್ಯಾಂಕೆಸ್ಟರ್.

ಸಮಾಧಾನ: 1991ರಲ್ಲಿ ವಿದೇಶಾಂಗ ಮಂತ್ರಿ ಡಗ್ಲಸ್ ಹರ್ಡ್ ಲಿಖಿತ ಆದೇಶ ಕೊಟ್ಟರು. ಇದಕ್ಕಿಂತ ಪ್ರಬಲವಾದ ಖಂಡನೆ ತರ್ಕಶಾಸ್ತ್ರದಲ್ಲಿಲ್ಲ.

ಅಪವಾದ: ಅಭಿವೃದ್ಧಿ ನೆರವಿನಿಂದ ಅಭಿವೃದ್ಧಿಯೇ ಆಗಬೇಕೆಂಬ ಸಂಕುಚಿತ ದೃಷ್ಟಿಯಿಂದ ಲಂಡನ್ನಿನ ಹೈಕೋರ್ಟು 1994ರಲ್ಲಿ ಈ ಪೆರ್ಗಾವ್ ದಾನವನ್ನು ಕಾನೂನುಬಾಹಿರವೆಂದಿತು. 2001ರಲ್ಲಿ ಬ್ರಿಟನ್ 'ನಮ್ಮ ಸರಕನ್ನೇ ಕೊಳ್ಳಿ' ಎಂಬ ಷರತ್ತನ್ನೇ ಕೈಬಿಟ್ಟಿತು. ಇತರ ದೇಶಗಳ ವಿದ್ವಾಂಸರು ಎದೆಗುಂದದೆ ಸಂಪ್ರದಾಯವನ್ನು ಉಳಿಸಿಕೊಂಡಿದ್ದಾರೆ.

ಫಲಶ್ರುತಿ: ಇದನ್ನು ನಿತ್ಯ ಪಠಿಸಿದ ಮಂತ್ರಿಗೆ ಕೀರ್ತಿ, ಕಂಪನಿಗೆ ಗುತ್ತಿಗೆ, ತೆರಿಗೆ ಕಟ್ಟಿದವನಿಗೆ ಪುಣ್ಯ, ದಾನ ಪಡೆದ ದೇಶಕ್ಕೆ ಬಿಡಿಭಾಗಗಳ ಬಿಲ್ಲು.